ಒಂದು ಲಕ್ಷ ಕೋಟಿ ಪರಮಾಣು, ಒಂದು ಬಲ್ಬು

ಕೈಗಾ ಅಣು ವಿದ್ಯುತ್ ಕೇಂದ್ರದ ಒಂದನೇ ಘಟಕ 2016ರ ಮೇ 13ರಂದು ಓಡತೊಡಗಿತು. ಮತ್ತೆ ನಿಂತಿದ್ದು 2018ರ ಡಿಸೆಂಬರ್ 31ಕ್ಕೆ. ನಡುವೆ ಮೂರು ಮಳೆಗಾಲ ಸುರಿದುಹೋದವು, ಮೂರು ದಸರಾ, ಮೂರು ದೀಪಾವಳಿ ಮುಗಿದವು. ಒಟ್ಟು 962 ದಿನ, ಅಂದರೆ 23,000ಕ್ಕೂ ಹೆಚ್ಚು ಗಂಟೆ! ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸೊಂದು ಡ್ರೈವರ್‌ಗೆ ಊಟವಿಲ್ಲದೆ, ಟಯರಿಗೆ ಗಾಳಿ ಹಾಕಿಸದೆ ಇಷ್ಟು ಹೊತ್ತು ಓಡಿದರೆ 13 ಲಕ್ಷ 85 ಸಾವಿರ ಕಿಲೋಮೀಟರ್ ಆಗುತ್ತದೆ. ಭೂಮಿಗೆ 34 ಸುತ್ತು ಹಾಕಿ ಮುಗಿಸಿ 35ನೆಯದರ ಅರ್ಧ ದಾಟಿರುತ್ತದೆ. ಆಕಾಶದ ಕಡೆ ತಿರುಗಿಸಿದರೆ ಚಂದ್ರನಿಗೆ ಹೋಗಿ, ಮರಳಿ, ಇನ್ನೊಮ್ಮೆ ಚಂದ್ರನಿಗೆ ಹೋಗಿ, ಎರಡನೇ ಸಲ ವಾಪಸಾಗುವ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಬಂದಿರುತ್ತದೆ.

ಈ ಘಟಕದ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. 962 ದಿನಕ್ಕೆ ಲೆಕ್ಕ ಹಾಕಿ: 415 ಕೋಟಿ ಸುತ್ತು. ನಿಮಿಷಕ್ಕೆ 72 ಸಲ ಬಡಿಯುವ ಮನುಷ್ಯನ ಹೃದಯ ನೂರು ವರ್ಷ ಬದುಕಿದರೂ ಬಡಿಯುವುದು ಸುಮಾರು 378 ಕೋಟಿ ಸಲ. ಶತಾಯುಷಿಯೊಬ್ಬರ ಎದೆಬಡಿತವನ್ನೆಲ್ಲ ಮೀರಿಸುವಷ್ಟು ಸುತ್ತು ಎರಡು ವರ್ಷ ಏಳೂವರೆ ತಿಂಗಳಲ್ಲಿ, ಒಂದೇ ಉಸಿರಿನಲ್ಲಿ!

ಆ ಒಂದೇ ಓಟದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 500 ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗಳನ್ನು ಲೆಕ್ಕಕ್ಕೆ ಹಿಡಿದರೆ, ಸುಮಾರು 16 ಲಕ್ಷ ಮನೆಗಳಿಗೆ ಆ ಇಡೀ ಅವಧಿಯ ಬೆಳಕು, ಫ್ಯಾನು, ಟಿವಿ, ಮಿಕ್ಸಿ ಎಲ್ಲ ಆಯಿತು. ಅದೂ 220 ಮೆಗಾವಾಟ್‌ನ, ಜಗತ್ತಿನ ರಿಯಾಕ್ಟರುಗಳ ಸಾಲಿನಲ್ಲಿ ಚಿಕ್ಕದೆನ್ನಬಹುದಾದ ಒಂದೇ ಒಂದು ಘಟಕದಿಂದ. ಅದರ ಪಕ್ಕದಲ್ಲಿ ಅಷ್ಟೇ ಗಾತ್ರದ ಇನ್ನೂ ಮೂರು ಘಟಕಗಳಿವೆ. ಬ್ರಿಟನ್ನಿನ ಹೇಶಮ್ ಸ್ಥಾವರದ ರಿಯಾಕ್ಟರೊಂದು ಅದಕ್ಕೂ ಮುಂಚೆ 940 ದಿನ ಓಡಿ ವಿಶ್ವದಾಖಲೆ ಬರೆದಿತ್ತು. ಉತ್ತರ ಕನ್ನಡದ ಕಾಡಿನ ನಡುವಿನ ಯಂತ್ರ ಅದನ್ನು 22 ದಿನಗಳಿಂದ ಹಿಂದೆ ಹಾಕಿತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ 1,106 ದಿನ ಓಡಿ ಕೈಗಾವನ್ನೂ ದಾಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಆರದ ಒಲೆ!

ಕೈಗಾದ ಓಟ ಶುರುವಾದ ತಾರೀಖನ್ನು ಇನ್ನೊಮ್ಮೆ ನೋಡಿ. ಮೇ 13. ಸರಿಯಾಗಿ 22 ವರ್ಷ ಹಿಂದೆ, 1994ರ ಮೇ 13ರಂದು, ಕಟ್ಟುತ್ತಿದ್ದ ಇದೇ ಒಂದನೇ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಕೆಳಗೆ ಬಿದ್ದಿತ್ತು. ಒಳಗೆ ಆಗ ಇನ್ನೂ ಇಂಧನ ತುಂಬಿರಲಿಲ್ಲ. ಅದಕ್ಕೂ ಮುಂಚೆ, 1989ರ ಲೋಕಸಭಾ ಚುನಾವಣೆಯಲ್ಲಿ, ಕೋಟ ಶಿವರಾಮ ಕಾರಂತರು ಕೈಗಾ ಬೇಡವೆಂದು ಸಾರುತ್ತಲೇ ಕಣಕ್ಕಿಳಿದಿದ್ದರು, ತಮ್ಮ 87ನೇ ವಯಸ್ಸಿನಲ್ಲಿ. ಗೆಲ್ಲಲಿಲ್ಲ. ಆದರೆ ಅವರು ಮತ್ತು ಅವರ ಜೊತೆಗಿದ್ದವರು ಎತ್ತಿದ ಪ್ರಶ್ನೆಗಳು ಗಟ್ಟಿಯಾಗಿದ್ದವು: ಅಪಘಾತವಾದರೆ ಏನು, ತ್ಯಾಜ್ಯ ಎಲ್ಲಿ ಇಡುತ್ತೀರಿ, ವಿಕಿರಣ ಎಷ್ಟು? ಅಣು ವಿದ್ಯುತ್ತನ್ನು ಶುದ್ಧ ವಿದ್ಯುತ್ತು ಎಂದು ಸಾರ್ವಜನಿಕವಾಗಿ ಬೆಂಬಲಿಸುವ ಯಾರೇ ಆಗಲಿ, ಉತ್ತರ ಕೊಡಬೇಕಾದದ್ದು ಇಂಥ ಪ್ರಶ್ನೆಗಳಿಗೇ. ಕೈಗಾದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿ ಕಾಲು ಶತಮಾನ ಕಳೆದಿದೆ. ಜಗತ್ತಿನ ಮೊದಲ ಅಣು ವಿದ್ಯುತ್ ಕೇಂದ್ರ ರಷ್ಯಾದ ಓಬ್ನಿನ್‌ಸ್ಕ್‌ನಲ್ಲಿ 1954ರಲ್ಲಿ ಶುರುವಾಗಿ ಎಪ್ಪತ್ತು ವರ್ಷ ದಾಟಿದೆ. ಈಗ ನಮ್ಮ ಕೈಯಲ್ಲಿ ಅಂಕಿಗಳಿವೆ. ಆ ಅಂಕಿಗಳ ಗಾತ್ರ ಕಂಡೇ ನಾನು ಅಣುವಿನ ಪರ ನಿಂತವನು.

ಇಂಧನದಿಂದ ಶುರುಮಾಡೋಣ. ಹೈದರಾಬಾದಿನಲ್ಲಿ ತಯಾರಾಗುವ ಕೈಗಾದ ಇಂಧನದ ಒಂದು ಬಂಡಲ್ ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರ್ ದಪ್ಪ. ತೂಕ 16 ಕಿಲೋ ಚಿಲ್ಲರೆ, ಖಾಲಿ ಗ್ಯಾಸ್ ಸಿಲಿಂಡರಿಗಿಂತ ಒಂಚೂರು ಹೆಚ್ಚು. ಅದರಲ್ಲಿ 19 ಕೊಳವೆ, ಕೊಳವೆಯೊಳಗೆ ಯುರೇನಿಯಂ ಬಿಲ್ಲೆ. ರಿಯಾಕ್ಟರಿನ ಒಡಲಲ್ಲಿ 306 ನಾಳಗಳು, ಒಂದೊಂದರಲ್ಲಿ 12 ಬಂಡಲ್, ಒಟ್ಟು 3,672. ಪೂರ್ಣ ಶಕ್ತಿಯಲ್ಲಿ ಓಡುವಾಗ ದಿನಕ್ಕೆ ಸುಮಾರು ಎಂಟು ಬಂಡಲ್ ಬದಲಾಯಿಸುತ್ತಾರೆ, ಅದೂ ಯಂತ್ರ ನಿಲ್ಲಿಸದೆಯೇ. ಅಂದರೆ ಒಂದು ಬಂಡಲ್ ಕೊಡುವುದು ಆರು ಲಕ್ಷಕ್ಕೂ ಹೆಚ್ಚು ಯೂನಿಟ್. ಕಾರ್ಖಾನೆ, ರೈಲು, ಪಂಪ್‌ಸೆಟ್ಟು ಎಲ್ಲ ಸೇರಿಸಿ ಭಾರತೀಯರೊಬ್ಬರ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 1,400 ಯೂನಿಟ್. ಎಪ್ಪತ್ತೈದು ವರ್ಷ ಬಾಳುವ ಆರು ಜನರಿಗೆ, ತೊಟ್ಟಿಲಿನಿಂದ ಕೊನೆಯ ದಿನದವರೆಗೆ ಬೇಕಾದ ವಿದ್ಯುತ್ತೆಲ್ಲ ಆ ಒಂದು ಬಂಡಲ್‌ನೊಳಗೆ ಮಲಗಿದೆ!

ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತೆಗೆಯಬೇಕೆಂದರೆ? ನಮ್ಮ ಕಲ್ಲಿದ್ದಲು ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಬೇಕು. ಒಂದು ಬಂಡಲ್‌ಗೆ ಸಾಟಿಯಾಗಿ 460 ಟನ್ ಉರಿಸಬೇಕು. ಏಳು ರೈಲ್ವೆ ವ್ಯಾಗನ್ ತುಂಬ ಕಲ್ಲಿದ್ದಲು. ನಾಲ್ಕು ಟನ್ ತೂಗುವ ಆನೆಗಳಾದರೆ 115.

ಇಡೀ 962 ದಿನದ ಲೆಕ್ಕಕ್ಕೆ ಬನ್ನಿ. ಅಷ್ಟೂ ದಿನ ಕೈಗಾದ ಘಟಕ ನುಂಗಿದ ಬಂಡಲ್‌ಗಳ ತೂಕ ಸುಮಾರು 128 ಟನ್, 32 ಆನೆಗಳಷ್ಟು. ಅದೇ 500 ಕೋಟಿ ಯೂನಿಟ್‌ಗೆ ಕಲ್ಲಿದ್ದಲಾಗಿದ್ದರೆ 35 ಲಕ್ಷ ಟನ್, ಅಂದರೆ ಎಂಟೂಮುಕ್ಕಾಲು ಲಕ್ಷ ಆನೆ. 2023ರ ಎಣಿಕೆಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಸಿಕ್ಕ ಆನೆಗಳು 6,395. ಏಷ್ಯಾ, ಆಫ್ರಿಕಾ ಎರಡೂ ಖಂಡಗಳ ಕಾಡಾನೆಗಳನ್ನೆಲ್ಲ ಒಂದೆಡೆ ತಂದು ನಿಲ್ಲಿಸಿದರೂ ಐದು ಲಕ್ಷ ದಾಟುವುದು ಕಷ್ಟ. ಭೂಮಿಯ ಮೇಲೆ ಅಷ್ಟು ಆನೆಗಳೇ ಇಲ್ಲ! ಬೇಡ, ರೈಲಿನಲ್ಲೇ ಅಳೆಯೋಣ: ಒಂದು ಗೂಡ್ಸ್ ರೈಲಿಗೆ ಸುಮಾರು 3,900 ಟನ್ ಹಿಡಿದರೆ 900 ರೈಲು. ಒಂದರ ಹಿಂದೆ ಒಂದು ನಿಲ್ಲಿಸಿದರೆ ಮೊದಲ ಇಂಜಿನ್ ಬೆಂಗಳೂರಿನಲ್ಲಿ, ಕಡೆಯ ಗಾರ್ಡ್ ಡಬ್ಬಿ ಗೋವಾದಲ್ಲಿ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ಪೂರ್ಣ ಶಕ್ತಿಯಲ್ಲಿ ಓಡಿದರೆ ದಿನಕ್ಕೆ 25,000 ಟನ್‌ಗೂ ಹೆಚ್ಚು ಬೇಡುತ್ತದೆ, ಎಲ್ಲವೂ ಹೊರರಾಜ್ಯಗಳ ಗಣಿಗಳಿಂದ ಹಳಿ ಹಿಡಿದು ಬರಬೇಕು.

ಇಷ್ಟು ಚಿಕ್ಕ ಬಂಡಲ್‌ನೊಳಗೆ ಇಷ್ಟು ಹೇಗೆ ಹಿಡಿಸಿತು ಎಂದು ಕೇಳಿದರೆ ಉತ್ತರವೂ ಒಂದು ಸಂಖ್ಯೆಯೇ. ನಿಮ್ಮ ಪಡಸಾಲೆಯಲ್ಲಿ ಉರಿಯುವ 9 ವಾಟ್‌ನ ಎಲ್‌ಇಡಿ ಬಲ್ಬಿಗೆ ಅಣು ವಿದ್ಯುತ್ತು ಬರುತ್ತಿದೆ ಎಂದುಕೊಳ್ಳಿ. ಅದು ಆರದಂತೆ ಇರಲು ರಿಯಾಕ್ಟರಿನಲ್ಲಿ ಪ್ರತಿ ಸೆಕೆಂಡಿಗೆ ಒಡೆಯಬೇಕಾದ ಪರಮಾಣುಗಳು ಹತ್ತಿರ ಹತ್ತಿರ ಒಂದು ಲಕ್ಷ ಕೋಟಿ. ಸೆಕೆಂಡಿಗೆ ಒಂದರಂತೆ ಎಣಿಸಲು ಕೂತರೆ ಮುಗಿಯಲು 30,000 ವರ್ಷ ಬೇಕು, ಅಷ್ಟು ಪರಮಾಣು ಒಂದು ಸೆಕೆಂಡಿನಲ್ಲಿ, ಒಂದು ಬಲ್ಬಿಗೆ! ಜಗತ್ತಿನ 800 ಕೋಟಿ ಜನಕ್ಕೆ ಹಂಚಿದರೆ ಪ್ರತಿಯೊಬ್ಬರ ಪಾಲಿಗೆ ಸೆಕೆಂಡಿಗೆ 120. ಹಾಗೆ ಒಡೆಯುತ್ತ ಹೋದರೆ ಬೇಗ ಖಾಲಿಯಾದೀತು ಅಲ್ಲವೇ? ಇಲ್ಲ. ಒಂದೇ ಒಂದು ಗ್ರಾಂ ಯುರೇನಿಯಂ-235 ಪೂರ್ತಿ ಒಡೆದರೆ ಆ ಬಲ್ಬು ಹಗಲೂ ರಾತ್ರಿ 80 ವರ್ಷಕ್ಕೂ ಹೆಚ್ಚು ಕಾಲ ಉರಿಯುತ್ತದೆ. ಕೈಗಾದ ಒಂದು ಘಟಕ ಪೂರ್ಣ ಶಕ್ತಿಯಲ್ಲಿ ಓಡುವಾಗ ಸೆಕೆಂಡಿಗೆ ಒಡೆಯುವ ಪರಮಾಣುಗಳನ್ನು ಬರೆಯಲು 2ರ ಮುಂದೆ 19 ಸೊನ್ನೆ ಹಾಕಬೇಕು. ಅದಕ್ಕೆ ಲಕ್ಷ, ಕೋಟಿಗಳ ಭಾಷೆ ಸಾಲದು.

ಇದೆಲ್ಲ ಶುರುವಾದದ್ದು ಅರ್ಧ ವಾಟ್‌ನಿಂದ. 1942ರ ಡಿಸೆಂಬರ್ 2ರಂದು ಶಿಕಾಗೊ ವಿಶ್ವವಿದ್ಯಾಲಯದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ರಿಯಾಕ್ಟರನ್ನು ಚಾಲೂ ಮಾಡಿದಾಗ ಅದರ ಶಕ್ತಿ ಅರ್ಧ ವಾಟ್. ಇವತ್ತು ಜಗತ್ತಿನ ರಿಯಾಕ್ಟರುಗಳ ಒಟ್ಟು ವಿದ್ಯುತ್ ಸಾಮರ್ಥ್ಯ ಅದರ 70,000 ಕೋಟಿ ಪಟ್ಟಿಗೂ ಹೆಚ್ಚು. ಅವು ವರ್ಷಕ್ಕೆ ಕೊಡುವುದು ಸುಮಾರು 2 ಲಕ್ಷ 60 ಸಾವಿರ ಕೋಟಿ ಯೂನಿಟ್. ಕಲ್ಲಿದ್ದಲು, ನೀರು, ಗಾಳಿ, ಬಿಸಿಲು ಎಲ್ಲ ಸೇರಿಸಿ ಭಾರತ ಇಡೀ ವರ್ಷ ಉತ್ಪಾದಿಸುವ ವಿದ್ಯುತ್ತಿಗಿಂತ ಇದು ಬಹಳ ಹೆಚ್ಚು. 142 ಕೋಟಿ ಜನರ ದೇಶವೊಂದನ್ನು ನಡೆಸಿ, ಮೇಲೆ ಮಿಗಿಸುವಷ್ಟು!

ಈಗ ಸಾವಿನ ಲೆಕ್ಕ. ಎಲ್ಲ ವಾದಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ, ಆದ್ದರಿಂದ ಇಲ್ಲಿ ಆತುರ ಬೇಡ.

ಜೇಮ್ಸ್ ಹ್ಯಾನ್ಸೆನ್ ಎಂಬ ಹವಾಮಾನ ವಿಜ್ಞಾನಿ 1988ರಲ್ಲಿ ಅಮೆರಿಕದ ಸೆನೆಟ್ ಮುಂದೆ ಕೂತು ಭೂಮಿ ಬಿಸಿಯಾಗುತ್ತಿದೆ ಎಂದು ಖಚಿತವಾಗಿ ಹೇಳಿದವರು. 2013ರಲ್ಲಿ ಅವರು ಸಹೋದ್ಯೋಗಿ ಪುಷ್ಕರ್ ಖಾರೇಚ ಅವರೊಂದಿಗೆ ಒಂದು ಲೆಕ್ಕ ಪ್ರಕಟಿಸಿದರು: 1971ರಿಂದ 2009ರವರೆಗೆ ಅಣು ವಿದ್ಯುತ್ತಿನ ಬದಲು ಕಲ್ಲಿದ್ದಲು, ಅನಿಲ ಉರಿದಿದ್ದರೆ ಗಾಳಿ ಮಾಲಿನ್ಯದಿಂದ ಇನ್ನೂ 18 ಲಕ್ಷ 40 ಸಾವಿರ ಜನ ಸಾಯುತ್ತಿದ್ದರು. ಮೈಸೂರಿನಂಥ ಎರಡು ನಗರಗಳು! 2011ರ ಜನಗಣತಿಯ ಮೈಸೂರನ್ನು ಒಮ್ಮೆ ನೆನೆಯಿರಿ, ದೇವರಾಜ ಮಾರುಕಟ್ಟೆಯ ಗದ್ದಲ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗಿನವರು, ಶಾಲೆಗೆ ಹೊರಟ ಮಕ್ಕಳು. ಅದನ್ನು ಎರಡರಿಂದ ಗುಣಿಸಿ. ಅಷ್ಟು ಜನ ಬದುಕುಳಿದರು, ತಾವು ಉಳಿದೆವೆಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ಅದೇ ಲೆಕ್ಕದಲ್ಲಿ ಗಾಳಿಗೆ ಸೇರದೆ ಉಳಿದ ಇಂಗಾಲದ ಡೈಆಕ್ಸೈಡ್ 6,400 ಕೋಟಿ ಟನ್, ಭಾರತ ಈಗಿನ ಪ್ರಮಾಣದಲ್ಲಿ 20 ವರ್ಷ ಉಗುಳಿದರೂ ತಲುಪದ ಮೊತ್ತ. ಅದೇ ವರ್ಷದ ನವೆಂಬರಿನಲ್ಲಿ ಹ್ಯಾನ್ಸೆನ್ ಮತ್ತು ಇನ್ನೂ ಮೂವರು ಹವಾಮಾನ ವಿಜ್ಞಾನಿಗಳು ಪರಿಸರವಾದಿಗಳಿಗೆ ಬಹಿರಂಗ ಪತ್ರ ಬರೆದು, ಅಣು ವಿದ್ಯುತ್ತನ್ನು ದೂರ ಇಡಬೇಡಿ ಎಂದು ಕೇಳಿಕೊಂಡರು. ಭೂಮಿಯ ಜ್ವರವನ್ನು ಅಳೆದವರೇ ಔಷಧಿಯ ಹೆಸರು ಹೇಳಿದ್ದರು.

ಆದರೆ ಚೆರ್ನೋಬಿಲ್? 1986ರ ಆ ಸ್ಫೋಟದಲ್ಲಿ ಮತ್ತು ನಂತರದ ತಿಂಗಳುಗಳಲ್ಲಿ ಸುಮಾರು 30 ಜನ ತೀರಿಕೊಂಡರು. ಹೆಚ್ಚು ವಿಕಿರಣಕ್ಕೆ ಸಿಕ್ಕವರಲ್ಲಿ ಕಾಲಾಂತರದಲ್ಲಿ 4,000ದವರೆಗೆ ಸಾವು ಸಂಭವಿಸಬಹುದೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2005ರಲ್ಲಿ ಅಂದಾಜಿಸಿದವು. ಒಂದು ಸಾವೂ ಸಣ್ಣದಲ್ಲ, 4,000 ಖಂಡಿತ ಸಣ್ಣದಲ್ಲ. ಈಗ ಇನ್ನೊಂದು ಅಂಕಿ: ಹೊರಗಿನ ಗಾಳಿಯ ಮಾಲಿನ್ಯದಿಂದ ಜಗತ್ತಿನಲ್ಲಿ ವರ್ಷಕ್ಕೆ 42 ಲಕ್ಷ ಜನ ಅಕಾಲದಲ್ಲಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲ್ಲಿದ್ದಲಿನ ಜೊತೆಗೆ ವಾಹನ, ಒಲೆ, ಕಾರ್ಖಾನೆಗಳ ಹೊಗೆಯೂ ಅದರಲ್ಲಿ ಸೇರಿದೆ. ದಿನಕ್ಕೆ 11,500. ಇತಿಹಾಸದ ಅತ್ಯಂತ ಘೋರ ಅಣು ದುರಂತದ ಅಂದಾಜು ಸಾವು 4,000. ಗಾಳಿ ಮಾಲಿನ್ಯ ಆ ಸಂಖ್ಯೆಯನ್ನು ಎಂಟೂವರೆ ಗಂಟೆಯಲ್ಲಿ ಮುಟ್ಟುತ್ತದೆ. ನಾವು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ!

2011ರ ಮಾರ್ಚಿನಲ್ಲಿ ಜಪಾನಿನ ಭೂಕಂಪ, ಸುನಾಮಿ ಸುಮಾರು 18,000 ಜನರನ್ನು ಬಲಿ ತೆಗೆದುಕೊಂಡವು. ಫುಕುಶಿಮಾ ಸ್ಥಾವರದ ವಿಕಿರಣದಿಂದ ಆದದ್ದೆಂದು ಜಪಾನ್ ಸರ್ಕಾರ ಒಪ್ಪಿಕೊಂಡ ಸಾವು ಒಂದು. ಅವಸರದ ಸ್ಥಳಾಂತರದ ಕಷ್ಟಗಳಿಂದ, ಹೆಚ್ಚಾಗಿ ವಯಸ್ಸಾದವರು, ಫುಕುಶಿಮಾ ಪ್ರಾಂತದಲ್ಲಿ 2,000ಕ್ಕೂ ಹೆಚ್ಚು ಮಂದಿ ಹೋದರು. ಈ ಎರಡೂ ದುರಂತಗಳನ್ನು ಸೇರಿಸಿಕೊಂಡೇ ಸಂಶೋಧಕರು ಮಾಡಿದ ಲೆಕ್ಕ ಹೀಗಿದೆ: ಪ್ರತಿ 100 ಕೋಟಿ ಯೂನಿಟ್‌ಗೆ ಕಲ್ಲಿದ್ದಲು ತೆಗೆದುಕೊಳ್ಳುವ ಜೀವ ಸುಮಾರು 25, ಅಣು 0.03. ಗಾಳಿ, ಬಿಸಿಲಿನ ವಿದ್ಯುತ್ತೂ ಅಣುವಿನ ಆಸುಪಾಸಿನಲ್ಲೇ ಇವೆ. ಕಲ್ಲಿದ್ದಲಿಗೂ ಅಣುವಿಗೂ ನಡುವೆ 800 ಪಟ್ಟು ಅಂತರ! ಕೈಗಾದ ಆ ಒಂದು ಓಟಕ್ಕೆ ಇದೇ ಅಳತೆಗೋಲು ಹಿಡಿದರೆ, ಕಲ್ಲಿದ್ದಲಿನ ಕಡೆ ನೂರಿಪ್ಪತ್ತಕ್ಕೂ ಹೆಚ್ಚು ಸಾವು, ಅಣುವಿನ ಕಡೆ ಒಂದರ ಐದನೇ ಒಂದು ಭಾಗವೂ ಇಲ್ಲ. ಇಂಗಾಲದ ಲೆಕ್ಕವೂ ಹೀಗೆಯೇ. ಗಣಿಯಿಂದ ಹಿಡಿದು ಸ್ಥಾವರ ಕೆಡವುವವರೆಗಿನ ಎಲ್ಲ ಹೊಗೆಯನ್ನೂ ಕೂಡಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಅಂಕಿಗಳಲ್ಲಿ ಒಂದು ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ, ಅನಿಲ 490, ಅಣು 12. ಬರೀ ಹನ್ನೆರಡು ಗ್ರಾಂ!

ವಿಕಿರಣದ ಅಂಕಿಗಳನ್ನು ಬೇಗ ನೋಡಿ ಮುಂದೆ ಹೋಗೋಣ. ನಿಮ್ಮ ಮೈಯೊಳಗಿನ ಪೊಟ್ಯಾಸಿಯಂನಲ್ಲೇ ಪ್ರತಿ ಸೆಕೆಂಡಿಗೆ 4,000ಕ್ಕೂ ಹೆಚ್ಚು ಪರಮಾಣುಗಳು ವಿಕಿರಣ ಸೂಸುತ್ತ ಸಿಡಿಯುತ್ತಿವೆ, ದಿನಕ್ಕೆ 34 ಕೋಟಿಗೂ ಹೆಚ್ಚು. ಮಣ್ಣು, ಗಾಳಿ, ಆಕಾಶ, ಆಹಾರದಿಂದ ಪ್ರತಿ ಮನುಷ್ಯನಿಗೆ ವರ್ಷಕ್ಕೆ ಬರುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಅಣು ಸ್ಥಾವರಗಳಿಂದ ಜನರಿಗೆ ತಗಲಬಹುದಾದ ವಿಕಿರಣಕ್ಕೆ ಕಾನೂನು ಇಟ್ಟಿರುವ ಮಿತಿ 1. ಕೇರಳದ ಕರುನಾಗಪಳ್ಳಿಯ ಕಡಲ ಮರಳಿನಲ್ಲಿ ಮೊನಜೈಟ್ ಇರುವುದರಿಂದ ಅಲ್ಲಿ ಕೆಲವೆಡೆ 70ರವರೆಗೂ ಏರುತ್ತದೆ! ಅಲ್ಲಿನ ಸುಮಾರು 70,000 ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಹೆಚ್ಚುವರಿ ಕ್ಯಾನ್ಸರ್ ಕಂಡಿಲ್ಲ. ಮೀನು ಹಿಡಿಯುತ್ತ, ತೆಂಗು ಬೆಳೆಯುತ್ತ ಅವರು ತಲೆಮಾರುಗಳಿಂದ ಅಲ್ಲೇ ಇದ್ದಾರೆ.

ತ್ಯಾಜ್ಯಕ್ಕೆ ಬರೋಣ. ಈ ಲೇಖನದ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕುಲುಕಿದ್ದು ಇದೇ. 1954ರಿಂದ ಇಲ್ಲಿಯವರೆಗೆ ಜಗತ್ತಿನ ಎಲ್ಲ ಅಣು ವಿದ್ಯುತ್ ಕೇಂದ್ರಗಳಿಂದ ಹೊರಬಂದ ಬಳಸಿದ ಇಂಧನ ಒಟ್ಟು ಸುಮಾರು ನಾಲ್ಕು ಲಕ್ಷ ಟನ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಆಗಲೇ ಸಂಸ್ಕರಿಸಿ ಆಗಿದೆ. ಇತ್ತ ಭಾರತದ ಕಲ್ಲಿದ್ದಲು ಸ್ಥಾವರಗಳಿಂದ ಬರುವ ಹಾರುಬೂದಿ ವರ್ಷಕ್ಕೆ 25 ಕೋಟಿ ಟನ್‌ಗೂ ಹೆಚ್ಚು. ಭಾಗಿಸಿ ನೋಡಿ. ಇಡೀ ಜಗತ್ತು ಎಪ್ಪತ್ತು ವರ್ಷದಲ್ಲಿ ಹೊರಹಾಕಿದ ಅಣು ಇಂಧನದ ತೂಕವನ್ನು ಭಾರತದ ಬೂದಿಯೊಂದೇ 14 ಗಂಟೆಯಲ್ಲಿ ಸರಿಗಟ್ಟುತ್ತದೆ! ಬೆಳಿಗ್ಗೆ ಆರಕ್ಕೆ ಎಣಿಸಲು ಶುರುಮಾಡಿದರೆ ರಾತ್ರಿ ಎಂಟರ ವಾರ್ತೆಗೆ ಮೊದಲು ಮುಗಿದಿರುತ್ತದೆ. ಬಳಕೆಯಾಗದೆ ಉಳಿದ ಬೂದಿ ಕೆರೆಯಂಥ ಹೊಂಡಗಳಲ್ಲಿ ಬಯಲಿನಲ್ಲೇ ಬಿದ್ದಿರುತ್ತದೆ, ಬೇಸಿಗೆಯಲ್ಲಿ ಹಾರಿ ಊರಿನ ಮನೆಗಳೊಳಗೆ ಬರುತ್ತದೆ. ಬಳಸಿದ ಅಣು ಇಂಧನದ ಒಂದೊಂದು ಬಂಡಲ್‌ನ ಲೆಕ್ಕವೂ ಪುಸ್ತಕದಲ್ಲಿರುತ್ತದೆ. ಅಮೆರಿಕದ ಅಷ್ಟೂ ವರ್ಷಗಳ 90,000 ಟನ್ ಇಂಧನವನ್ನು ಒಂದು ಫುಟ್ಬಾಲ್ ಮೈದಾನದಲ್ಲಿ ಜೋಡಿಸಿದರೆ ಎತ್ತರ ಹತ್ತು ಗಜವನ್ನೂ ಮುಟ್ಟುವುದಿಲ್ಲ ಎಂದು ಆ ದೇಶದ ಇಂಧನ ಇಲಾಖೆಯೇ ಹೇಳುತ್ತದೆ. ಫಿನ್ಲೆಂಡ್ ತನ್ನ ಪಾಲಿನದನ್ನು ಹೂಳಲು ಓಂಕಾಲೊ ಎಂಬಲ್ಲಿ 400 ಮೀಟರಿಗೂ ಆಳದ ಬಂಡೆ ಕೊರೆದಿದೆ. ಐದು ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ಇಟ್ಟರೂ ನೆಲದ ಮೇಲೆ ತುದಿ ಕಾಣದಷ್ಟು ಆಳ. ಅಲ್ಲಿ ಇಟ್ಟದ್ದು ಒಂದು ಲಕ್ಷ ವರ್ಷ ಅಲ್ಲಾಡದಿರಬೇಕು ಎಂಬುದು ಲೆಕ್ಕಾಚಾರ.

ಒಂದು ಲಕ್ಷ ವರ್ಷ ಎಂದರೆ ಎದೆ ಝಲ್ಲೆನ್ನುತ್ತದೆಯೇ? ಹಾಗಾದರೆ ಆಫ್ರಿಕಾದ ಗಬೊನ್ ದೇಶಕ್ಕೆ ಹೋಗೋಣ. 1972ರಲ್ಲಿ ಫ್ರೆಂಚ್ ವಿಜ್ಞಾನಿಗಳಿಗೆ ಅಲ್ಲಿನ ಓಕ್ಲೊ ಗಣಿಯ ಯುರೇನಿಯಂನಲ್ಲಿ ಒಂದು ಕೊರತೆ ಕಂಡಿತು: ಶೇಕಡಾ 0.720 ಇರಬೇಕಾದ ಯುರೇನಿಯಂ-235ರ ಪಾಲು 0.717 ಇತ್ತು. ಅಷ್ಟು ಸಣ್ಣ ಎಳೆ ಹಿಡಿದು ಹೊರಟವರಿಗೆ ಸಿಕ್ಕಿದ್ದು ಸುಮಾರು 200 ಕೋಟಿ ವರ್ಷ ಹಿಂದೆ ನೆಲದೊಳಗೆ ತಾನಾಗಿಯೇ ಉರಿದ ಅಣು ರಿಯಾಕ್ಟರು. ಒಂದಲ್ಲ, ಹತ್ತಕ್ಕೂ ಹೆಚ್ಚು ಕಡೆ! ಅರ್ಧ ಗಂಟೆ ಓಟ, ಎರಡೂವರೆ ಗಂಟೆ ವಿಶ್ರಾಂತಿ, ಮತ್ತೆ ಅರ್ಧ ಗಂಟೆ ಓಟ. ಹೀಗೆ ಲಕ್ಷಾಂತರ ವರ್ಷ. ಬರೀ ಒಂದು ಲಕ್ಷ ವರ್ಷ ಎಂದು ಹಿಡಿದರೂ 29 ಕೋಟಿ ಸಲ ಹೊತ್ತಿಕೊಂಡು ಆರಿದಂತಾಯಿತು. ಎಂಜಿನಿಯರಿಲ್ಲ, ಕಂಟ್ರೋಲ್ ರೂಮಿಲ್ಲ, ಆಗ ಭೂಮಿಯ ಮೇಲೆ ಒಂದು ಎರೆಹುಳುವೂ ಇರಲಿಲ್ಲ. ನಮ್ಮ ಲಾಲ್‌ಬಾಗಿನ ಬಂಡೆಗೆ ಆಗಲೇ 100 ಕೋಟಿ ವರ್ಷ ವಯಸ್ಸಾಗಿತ್ತು. ಇನ್ನು ಆ ರಿಯಾಕ್ಟರುಗಳಲ್ಲಿ ಹುಟ್ಟಿದ ಪ್ಲುಟೋನಿಯಂ? ಯಾರೂ ಪೆಟ್ಟಿಗೆ ಮಾಡಿಡದೆ, ಬೀಗ ಹಾಕದೆ ಇದ್ದರೂ ಅದು ಹುಟ್ಟಿದ ಜಾಗದಿಂದ ಕೆಲವೇ ಮೀಟರ್ ಸರಿದಿತ್ತು. 200 ಕೋಟಿ ವರ್ಷಗಳ ಕುರುಹು ಇನ್ನೂ ಅಲ್ಲೇ ಇದೆ.

ವೇಗದಲ್ಲೂ ಅಣು ಬೆರಗು ಹುಟ್ಟಿಸಬಲ್ಲದು. 1974ರಲ್ಲಿ ತೈಲ ಬಿಕ್ಕಟ್ಟಿನ ಹೊಡೆತ ತಿಂದ ಫ್ರಾನ್ಸ್, ಪ್ರಧಾನಿ ಪಿಯೆರ್ ಮೆಸ್ಮೆರ್ ಅವರ ಯೋಜನೆಯಂತೆ ಕಟ್ಟಲು ಹೊರಟು ಸುಮಾರು 15 ವರ್ಷದಲ್ಲಿ 50ಕ್ಕೂ ಹೆಚ್ಚು ರಿಯಾಕ್ಟರ್ ಎಬ್ಬಿಸಿತು. ನಾಲ್ಕು ತಿಂಗಳು ತುಂಬುವುದರೊಳಗೆ ಒಂದೊಂದು! ಅಲ್ಲಿನ ವಿದ್ಯುತ್ತಿನ ಮೂರನೇ ಎರಡು ಭಾಗ ಇವತ್ತಿಗೂ ಅಣುವಿನಿಂದಲೇ ಬರುತ್ತದೆ. ಪಕ್ಕದ ಜರ್ಮನಿ ಎದುರು ದಾರಿ ಹಿಡಿದು, ನೊಬೆಲ್ ಪುರಸ್ಕೃತರೂ ಸೇರಿ ಅನೇಕ ವಿಜ್ಞಾನಿಗಳು ಬೇಡವೆಂದು ಪತ್ರ ಬರೆದರೂ, 2023ರ ಏಪ್ರಿಲ್ 15ರಂದು ಕೊನೆಯ ಮೂರು ರಿಯಾಕ್ಟರುಗಳನ್ನು ಆರಿಸಿತು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಬೇರೆಯದೇ ಆಯಿತು. ಡಯಾಬ್ಲೊ ಕ್ಯಾನ್ಯನ್ ಸ್ಥಾವರದ ಎರಡು ರಿಯಾಕ್ಟರುಗಳು ಆ ರಾಜ್ಯದ ಶೇ. 9ರಷ್ಟು ವಿದ್ಯುತ್ತು ಕೊಡುತ್ತವೆ. ಮುಚ್ಚುವ ನಿರ್ಧಾರ 2016ರಲ್ಲಿ ಪ್ರಕಟವಾದ ವರ್ಷವೇ, ಅಲ್ಲಿ ಕೆಲಸ ಮಾಡುವ ಇಬ್ಬರು ತಾಯಂದಿರು ‘ಮದರ್ಸ್ ಫಾರ್ ನ್ಯೂಕ್ಲಿಯರ್’ ಎಂಬ ಸಂಘಟನೆ ಕಟ್ಟಿ ಬೀದಿಗಿಳಿದರು. ಇಬ್ಬರಿಂದ ಶುರುವಾದ ದನಿಗೆ ವಿಜ್ಞಾನಿಗಳು, ವಿದ್ಯಾರ್ಥಿಗಳು ಕೂಡಿಕೊಂಡರು. 2022ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮನಸ್ಸು ಬದಲಿಸಿ ಸ್ಥಾವರದ ಆಯುಷ್ಯವನ್ನು 2030ರವರೆಗೆ ವಿಸ್ತರಿಸಿತು. ವರ್ಷಕ್ಕೆ ಸುಮಾರು 1,800 ಕೋಟಿ ಯೂನಿಟ್ ಉಳಿಯಿತು, ಕೈಗಾದ ಆ ದಾಖಲೆ ಓಟದಂಥ ಮೂರೂವರೆ ಓಟ, ಪ್ರತಿ ವರ್ಷ. 2023ರ ಡಿಸೆಂಬರ್ 2ರಂದು, ಫರ್ಮಿಯ ಅರ್ಧ ವಾಟ್‌ಗೆ ಸರಿಯಾಗಿ 81 ವರ್ಷ ತುಂಬಿದ ದಿನ, ದುಬೈನ ಹವಾಮಾನ ಸಮ್ಮೇಳನದಲ್ಲಿ 20ಕ್ಕೂ ಹೆಚ್ಚು ದೇಶಗಳು 2050ರೊಳಗೆ ಜಗತ್ತಿನ ಅಣು ಸಾಮರ್ಥ್ಯವನ್ನು ಮೂರು ಪಟ್ಟು ಮಾಡುವ ಘೋಷಣೆಗೆ ಸಹಿ ಹಾಕಿದವು.

ಭಾರತ ಆ ದಿನದ ಪಟ್ಟಿಯಲ್ಲಿರಲಿಲ್ಲ, ಆದರೆ ನಮ್ಮ ಗುರಿ ಅದಕ್ಕಿಂತ ದೊಡ್ಡದು. 1969ರಲ್ಲಿ ತಾರಾಪುರದಿಂದ ಶುರುವಾದ ನಮ್ಮ ಅಣು ವಿದ್ಯುತ್ತಿನ ಪಾಲು ಇನ್ನೂ ಶೇ. 3ರ ಆಸುಪಾಸಿನಲ್ಲಿದೆ, ಸಾಮರ್ಥ್ಯ ಎಂಟು ಸಾವಿರ ಚಿಲ್ಲರೆ ಮೆಗಾವಾಟ್. 2047ಕ್ಕೆ ಒಂದು ಲಕ್ಷ ಮೆಗಾವಾಟ್ ಎಂದು 2025ರ ಬಜೆಟ್ಟಿನಲ್ಲಿ ಸರ್ಕಾರ ಹೇಳಿದೆ. ಹತ್ತು ಪಟ್ಟಿಗೂ ಹೆಚ್ಚು! ಕೈಗಾದಲ್ಲೇ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ ಸಿದ್ಧತೆ ನಡೆದಿದೆ. ಅವು ಬಂದರೆ ಈಗಿನ 880 ಮೆಗಾವಾಟ್ 2,280 ಆಗುತ್ತದೆ. ಆ ಒಂದು ಲಕ್ಷ ಮೆಗಾವಾಟ್ ಶೇ. 85ರ ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ 74,000 ಕೋಟಿ ಯೂನಿಟ್. ಅಷ್ಟಕ್ಕೆ ಬೇಕಾಗುತ್ತಿದ್ದ ಕಲ್ಲಿದ್ದಲು 52 ಕೋಟಿ ಟನ್. ದಿನಕ್ಕೆ 365 ಗೂಡ್ಸ್ ರೈಲು, ಅಂದರೆ ಹಗಲೂ ರಾತ್ರಿ ನಾಲ್ಕು ನಿಮಿಷಕ್ಕೊಂದು ರೈಲು ಹಳಿಗೆ ಇಳಿಯುವುದೇ ಬೇಡ! ಪಾವಗಡದ 13,000 ಎಕರೆಯ ಸೌರ ಫಲಕಗಳು ಬಿಸಿಲಿರುವಾಗ ದುಡಿಯಲಿ, ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳು ಗಾಳಿ ಬೀಸಿದಾಗ ತಿರುಗಲಿ. ಮೋಡ ಕವಿದ ಗಾಳಿಯಿಲ್ಲದ ನಡುರಾತ್ರಿಗೆ ಅಣು ಇರಲಿ. ನನಗೆ ಮೂರೂ ಬೇಕು.

ಯುರೇನಿಯಂ ಮುಗಿದುಹೋದರೆ ಎಂದು ಕೇಳುವವರಿಗೆ ಕಡಲನ್ನು ತೋರಿಸಬೇಕು. ಒಂದು ಟನ್ ಸಮುದ್ರದ ನೀರಿನಲ್ಲಿ ಕರಗಿರುವ ಯುರೇನಿಯಂ ಮೂರು ಮಿಲಿಗ್ರಾಂ ಚಿಲ್ಲರೆ. ಅತ್ಯಲ್ಪ! ಆದರೆ ಸಮುದ್ರ ದೊಡ್ಡದು: ಒಟ್ಟು 450 ಕೋಟಿ ಟನ್. ಜಗತ್ತಿನ ರಿಯಾಕ್ಟರುಗಳು ವರ್ಷಕ್ಕೆ ಬೇಡುವುದು 70,000 ಟನ್‌ಗೂ ಕಡಿಮೆ, ಅಂದರೆ ಇವತ್ತಿನ ಬಳಕೆಗೆ 60,000 ವರ್ಷಕ್ಕೆ ಸಾಕು. ಅದನ್ನು ಹೆಕ್ಕಿ ತೆಗೆಯಲು ಸದ್ಯಕ್ಕೆ ಖರ್ಚು ಹೆಚ್ಚು. ಪ್ರಯೋಗಾಲಯಗಳಲ್ಲಿ ತೆಗೆದು ತೋರಿಸಿದ್ದಾರೆ. ಅದೇ ಯುರೇನಿಯಂನಿಂದ ಹತ್ತಾರು ಪಟ್ಟು ಹೆಚ್ಚು ಶಕ್ತಿ ಹಿಂಡುವ ಬ್ರೀಡರ್ ರಿಯಾಕ್ಟರುಗಳೂ ಇವೆ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 500 ಮೆಗಾವಾಟ್‌ನ ಅಂಥದೊಂದರ ಒಡಲು ತುಂಬುವ ಕೆಲಸ 2024ರ ಮಾರ್ಚಿನಲ್ಲಿ ಶುರುವಾಯಿತು. ಅರವತ್ತು ಪಟ್ಟು ಎಂದು ಹಿಡಿದರೆ 60,000 ವರ್ಷ 36 ಲಕ್ಷ ವರ್ಷವಾಯಿತು.

ಅಲ್ಲಿಗೂ ನಿಲ್ಲದೆ ಲೆಕ್ಕ ಹಾಕಿದವರು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಬರ್ನಾರ್ಡ್ ಕೊಹೆನ್. ಅಣು ವಿದ್ಯುತ್ತಿನ ಪರವಾಗಿ ದಶಕಗಟ್ಟಲೆ ಊರೂರು ತಿರುಗಿ ಮಾತಾಡಿದ ಭೌತವಿಜ್ಞಾನಿ. ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಪ್ಲುಟೋನಿಯಂ ವಿಷದ ಬಗ್ಗೆ ಜನರನ್ನು ಎಚ್ಚರಿಸುತ್ತಿದ್ದಾಗ, ನೇಡರ್ ಎಷ್ಟು ಕೆಫೀನ್ ತಿನ್ನುತ್ತಾರೋ ಅಷ್ಟೇ ತೂಕದ ಪ್ಲುಟೋನಿಯಂ ತಾನು ತಿನ್ನಲು ತಯಾರೆಂದು ಬಹಿರಂಗವಾಗಿ ಸವಾಲು ಹಾಕಿದವರು. 1983ರಲ್ಲಿ ಇದೇ ಕೊಹೆನ್ ಒಂದು ಪ್ರಬಂಧ ಬರೆದರು. ಮಳೆ ಬಂಡೆಗಳನ್ನು ತೊಳೆಯುತ್ತದೆ, ನದಿಗಳು ಪ್ರತಿ ವರ್ಷ ಸಾವಿರಾರು ಟನ್ ಹೊಸ ಯುರೇನಿಯಂ ಅನ್ನು ಕಡಲಿಗೆ ಸುರಿಯುತ್ತವೆ, ತೆಗೆದಷ್ಟೂ ತುಂಬುತ್ತದೆ. ಬ್ರೀಡರುಗಳಲ್ಲಿ ಅದನ್ನು ಉರಿಸಿದರೆ ಎಷ್ಟು ಕಾಲ ಬರುತ್ತದೆ ಎಂದು ಅವರು ಗುಣಿಸಿ ನೋಡಿದರು. ಬಂದ ಉತ್ತರ 500 ಕೋಟಿ ವರ್ಷ. ಭೂಮಿಯ ಈವರೆಗಿನ ವಯಸ್ಸು 454 ಕೋಟಿ. ಸೂರ್ಯನಿಗೆ ಉಳಿದಿರುವ ಆಯುಷ್ಯವೂ ಸುಮಾರು 500 ಕೋಟಿ ವರ್ಷವೇ!